ಅಂಜಿಕೆ ಎಷ್ಟು ದಿನಕ್ಕೆ ಹೋಗುತ್ತದೆ? ಗಡಿಯಾರ, ವಹಿ ಹಿಡಿದು ಎದುರಿಸುವ ಕ್ರಮ

"ಎಷ್ಟ ದಿವಸಕ್ಕ ಹೋಗತೈತ್ರೀ ಇದು?"

ಆಪ್ತಸಮಾಲೋಚನೆಗೆ ಬರುವವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಇದನ್ನೇ. ಸೇತುವೆ ದಾಟಲು ಅಂಜುವವರು, ಗೋಳಗುಮ್ಮಟದ ಮೆಟ್ಟಿಲ ಹತ್ತಿರ ಹೋದೊಡನೆ ಕಾಲು ನಡುಗುವವರು, ನಾಯಿ ಕಂಡರೆ ಓಣಿಯನ್ನೇ ಬದಲಿಸುವವರು, ಲಿಫ್ಟ್ ಬಿಟ್ಟು ಐದು ಮಹಡಿ ನಡೆದೇ ಹತ್ತುವವರು, ಎಲ್ಲರದೂ ಅದೇ ಪ್ರಶ್ನೆ. ಅದರ ಹಿಂದೆ ಒಂದು ನಂಬಿಕೆ ಇರುತ್ತದೆ: ಕಾಲ ಕಳೆದರೆ ಅಂಜಿಕೆ ತಾನೇ ಕರಗುತ್ತದೆ ಎಂಬುದು. ಮನೆಯ ಹಿರಿಯರೂ ಅದನ್ನೇ ಹೇಳಿರುತ್ತಾರೆ. "ಇನ್ನೊಂದ ವರ್ಷ ಹೋಗಲಿ, ತಾನ ಸರಿಯಾಗತೈತಿ."

ದುಃಖದ ವಿಷಯದಲ್ಲಿ ಈ ಮಾತು ಬಹುಮಟ್ಟಿಗೆ ನಿಜ. ಅಂಜಿಕೆಯ ಲೆಕ್ಕ ಬೇರೆ. ಹತ್ತು ವರ್ಷ ಸೇತುವೆ ತಪ್ಪಿಸಿದವರಿಗೆ ಹನ್ನೊಂದನೆಯ ವರ್ಷ ಅದೇ ಸೇತುವೆ ಇನ್ನಷ್ಟು ಉದ್ದ ಕಾಣುತ್ತದೆ. ಅಂಜಿಕೆಯಿಂದ ದೂರ ಕಳೆದ ವರ್ಷಗಳಿಗೆ ಲೆಕ್ಕವಿಲ್ಲ. ಅದರ ಎದುರು ಕಳೆದ ನಿಮಿಷಗಳಿಗೆ ಮಾತ್ರ ಲೆಕ್ಕ. ಆ ನಿಮಿಷಗಳನ್ನು ಹೇಗೆ ಕಳೆಯಬೇಕು ಎನ್ನುವುದನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ಉದಾಹರಣೆಗೆ ಒಂದೇ ಅಂಜಿಕೆ ಇಟ್ಟುಕೊಳ್ಳೋಣ: ಸೇತುವೆಯದು. ಬಾಗಲಕೋಟೆಯಿಂದ ವಿಜಯಪುರಕ್ಕೆ ಯಾವ ದಾರಿ ಹಿಡಿದರೂ ಕೃಷ್ಣೆಯನ್ನು ದಾಟಲೇಬೇಕು. ಹೆದ್ದಾರಿಯಲ್ಲಿ ಹೋದರೆ ಸಿಗುವುದು ಕೊರ್ತಿ-ಕೊಲ್ಹಾರ ಸೇತುವೆ, ಹತ್ತಿರ ಹತ್ತಿರ ಮೂರು ಕಿಲೋಮೀಟರ್ ಉದ್ದ. ಮಳೆಗಾಲದಲ್ಲಿ ಎರಡೂ ಕಡೆ ಕಣ್ಣು ಹಾಯುವಷ್ಟು ಆಲಮಟ್ಟಿಯ ಹಿನ್ನೀರು. ಮುಳುಗಡೆ ಕಂಡ ಸೀಮೆ ನಮ್ಮದು. ಹೊಲ, ಮನೆ, ಗುಡಿ, ಇಡೀ ಪೇಟೆ ನೀರೊಳಗೆ ಹೋದದ್ದನ್ನು ನೋಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಇಲ್ಲಿ ನೀರಿಗೆ ಅಂಜುವವರನ್ನು ನಾನು ಎಂದೂ ಅಂಜುಬುರುಕರು ಅಂದಿಲ್ಲ, ನೀವೂ ಅನ್ನಬೇಡಿ.

ನಿಮ್ಮದು ನಾಯಿಯೋ ಲಿಫ್ಟೋ ಎತ್ತರವೋ ಆಗಿದ್ದರೆ ಸೇತುವೆಯ ಜಾಗದಲ್ಲಿ ಅದನ್ನು ಇಟ್ಟುಕೊಂಡು ಓದಿ. ಕ್ರಮ ಬದಲಾಗುವುದಿಲ್ಲ.

ಶುರು ಮಾಡುವ ಮುಂಚೆ: ಇದು ಯಾರಿಗೆ ಅಲ್ಲ

ಈ ಭಾಗವನ್ನು ದಾಟಿಸಿ ಮುಂದೆ ಹೋಗಬೇಡಿ. ಎಲ್ಲ ಅಂಜಿಕೆಗೂ ಒಂದೇ ಮದ್ದಿಲ್ಲ.

ಕೆಲವು ಅಂಜಿಕೆಗಳು ನಿಮ್ಮನ್ನು ಕಾಯುತ್ತವೆ. ಬಾಂದಾರದ ಮೇಲೆ ನೀರು ಹರಿಯುತ್ತಿರುವಾಗ ದಾಟಲು ಎದೆ ಝಲ್ಲೆಂದರೆ ಆ ಎದೆಯ ಮಾತು ಕೇಳಿ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದಾಗ ಬೇಗ ಅಂಜಿ ಬೇಗ ಊರು ಬಿಟ್ಟವರು ಸರಿಯಾದದ್ದನ್ನೇ ಮಾಡಿದರು. ನಾವು ಇಲ್ಲಿ ಹೇಳುತ್ತಿರುವುದು ದಿನಾ ಸಾವಿರಾರು ಜನ ಸುರಕ್ಷಿತವಾಗಿ ಮಾಡುವ ಕೆಲಸ ನಿಮಗೊಬ್ಬರಿಗೆ ಮಾಡಲಾಗದೆ ಇರುವ ಅಂಜಿಕೆಯ ಬಗ್ಗೆ ಮಾತ್ರ.

ಅದೇ ಹೊಳೆ ನಿಮ್ಮ ಮನೆ ಒಯ್ದಿದ್ದರೆ, ಮಳೆ ಸದ್ದಿಗೆ ಇವತ್ತಿಗೂ ನಿದ್ದೆ ಹಾರುತ್ತಿದ್ದರೆ, ಆ ರಾತ್ರಿ ಕಣ್ಣ ಮುಂದೆ ಮತ್ತೆಮತ್ತೆ ಬಂದು ಕೈಕಾಲು ತಣ್ಣಗಾಗುತ್ತಿದ್ದರೆ, ಅದು ಆಘಾತ. ಇಂಥದ್ದು ಒಂದು ತಿಂಗಳು ಮೀರಿ ಉಳಿದರೆ ಮನೋವೈದ್ಯರನ್ನು ಕಾಣಬೇಕು. ಇಲ್ಲಿ ಬರೆದ ಕ್ರಮವನ್ನು ಒಬ್ಬರೇ ಮಾಡಲು ಹೋಗಬೇಡಿ.

ಮೊದಲ ಸಲ ಎದೆನೋವು ಬಂದು ಎಡಗೈಗೋ ದವಡೆಗೋ ಹರಡುತ್ತ ಬೆವರು ಇಳಿಯುತ್ತಿದ್ದರೆ "ಅಂಜಿಕೆ ಇರಬೇಕು" ಎಂದು ಕೂಡಬೇಡಿ, ಆಸ್ಪತ್ರೆಗೆ ಹೋಗಿ. ಥೈರಾಯ್ಡ್ ಹೆಚ್ಚಾದರೂ, ರಕ್ತ ಕಡಿಮೆಯಾದರೂ, ಎದೆಬಡಿತದ ಲಯ ತಪ್ಪಿದರೂ ಎದೆ ಡಬಡಬ ಅನ್ನುತ್ತದೆ. ಒಮ್ಮೆ ತಪಾಸಣೆ ಮಾಡಿಸಿದರೆ ಮುಂದಿನ ಕೆಲಸಕ್ಕೆ ಧೈರ್ಯವೂ ಬರುತ್ತದೆ.

ರಕ್ತ, ಸೂಜಿ ಕಂಡರೆ ಅಂಜುವವರದು ಬೇರೆ ದಾರಿ. ಉಳಿದ ಅಂಜಿಕೆಗಳಲ್ಲಿ ರಕ್ತದೊತ್ತಡ ಏರುತ್ತದೆ. ಇವರಲ್ಲಿ ಮೊದಲು ಏರಿ ಆಮೇಲೆ ದಿಢೀರನೆ ಇಳಿಯುತ್ತದೆ, ಅದಕ್ಕೇ ಕಣ್ಣು ಕತ್ತಲೆ ಬಂದು ಬೀಳುತ್ತಾರೆ. ಇವರು ಮೈ ಸಡಿಲ ಬಿಡಬಾರದು, ಬಿಗಿ ಹಿಡಿಯಬೇಕು. ಕೈ, ತೊಡೆ, ಹೊಟ್ಟೆಯ ಸ್ನಾಯುಗಳನ್ನು ಹತ್ತು ಹದಿನೈದು ಸೆಕೆಂಡ್ ಬಿಗಿಮಾಡಿ, ಮುಖ ಬೆಚ್ಚಗಾದ ಮೇಲೆ ಇಪ್ಪತ್ತು ಮೂವತ್ತು ಸೆಕೆಂಡ್ ಬಿಟ್ಟು, ಹೀಗೆ ಐದು ಸಲ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್-ಗೋರಾನ್ ಓಸ್ಟ್ 1980ರ ದಶಕದಲ್ಲಿ ರೂಪಿಸಿದ ಉಪಾಯ ಇದು. ರಕ್ತ ತಪಾಸಣೆಗೆ ಹೋಗುವ ಮೊದಲು ಮನೆಯಲ್ಲಿ ಒಂದು ವಾರ ರೂಢಿ ಮಾಡಿಕೊಳ್ಳಿ.

ಬದುಕೇ ಬೇಡ ಅನ್ನಿಸುತ್ತಿರುವವರು, ಗರ್ಭಿಣಿಯರು, ಹೃದ್ರೋಗ ಅಥವಾ ಮೂರ್ಛೆರೋಗ ಇರುವವರು ಮೊದಲು ವೈದ್ಯರ ಜೊತೆ ಮಾತಾಡಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇರುತ್ತದೆ. ನಮ್ಮ ಕಡೆಯವರಿಗೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆ ದೂರವಲ್ಲ. ಎಲ್ಲಿಗೂ ಹೋಗಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಟೆಲಿ-ಮಾನಸ್ ಸೇವೆ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ.

ಒಳಗೆ ಏನು ನಡೆಯುತ್ತದೆ

ಮಿದುಳಿನೊಳಗೆ ಎಡಕ್ಕೊಂದು ಬಲಕ್ಕೊಂದು ಬಾದಾಮಿ ಬೀಜದಂಥ ಗಂಟುಗಳಿವೆ. ಅವಕ್ಕೆ ಅಮಿಗ್ಡಲ ಎನ್ನುತ್ತಾರೆ. ಅಪಾಯದ ಗಂಟೆ ಬಾರಿಸುವುದು ಇವುಗಳ ಕೆಲಸ. ಗಂಟೆ ಬಾರಿಸಿದೊಡನೆ ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಸೇರಿ ಎದೆಬಡಿತ ಏರುತ್ತದೆ, ಉಸಿರು ಜೋರಾಗುತ್ತದೆ, ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ. ಓಡಲಿಕ್ಕೆ ಅಥವಾ ಹೊಡೆದಾಡಲಿಕ್ಕೆ ಮೈ ಮಾಡುವ ತಯಾರಿ ಅದು.

ಈ ತಯಾರಿ ಬಹಳ ಹೊತ್ತು ತುದಿಯಲ್ಲಿ ನಿಲ್ಲಲಾರದು. ತೀವ್ರ ಗಾಬರಿಯ ಅಲೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ, ಆಮೇಲೆ ಇಳಿಮುಖ ಆಗುತ್ತದೆ. ದಿಬ್ಬ ಹತ್ತಿ ಇಳಿದ ಹಾಗೆ. ಆದರೆ ನಾವು ಮಾಡುವುದೇನು? ದಿಬ್ಬದ ತುದಿಯಲ್ಲೇ ಬಸ್ಸಿನಿಂದ ಇಳಿದುಬಿಡುತ್ತೇವೆ. ಇಳಿದ ಕ್ಷಣಕ್ಕೆ ಹಾಯ್ ಎನಿಸುತ್ತದೆ. ಮಿದುಳು ಆ ಹಾಯನ್ನೇ ಪಾಠ ಎಂದು ಬರೆದುಕೊಳ್ಳುತ್ತದೆ: "ಇಳಿದದ್ದಕ್ಕೆ ಉಳಿದೆ." ಮುಂದಿನ ಸಲ ಗಂಟೆ ಇನ್ನೂ ಬೇಗ ಹೊಡೆಯುತ್ತದೆ, ಬಸ್ ಸ್ಟ್ಯಾಂಡಿನಲ್ಲೇ. ಅದರ ಮುಂದಿನ ಸಲ, ಹಿಂದಿನ ರಾತ್ರಿಯೇ. ವರ್ಷಗಳು ಕಳೆದರೂ ಅಂಜಿಕೆ ಸವೆಯದೆ ಬೆಳೆಯುವುದು ಹೀಗೆ. ಇಳಿಯುವ ಅರ್ಧ ದಿಬ್ಬವನ್ನು ನೀವು ಒಮ್ಮೆಯೂ ನೋಡಿಲ್ಲ.

ಇನ್ನೊಂದು ಸಂಗತಿ ಗಡಿಯಾರಕ್ಕೆ ಸಂಬಂಧಿಸಿದ್ದು. ಅಂಜಿಕೆ ಹೊತ್ತನ್ನು ಹಿಗ್ಗಿಸಿ ತೋರಿಸುತ್ತದೆ. 2007ರಲ್ಲಿ ಅಮೆರಿಕದ ನರವಿಜ್ಞಾನಿ ಡೇವಿಡ್ ಈಗಲ್‌ಮನ್ ಮತ್ತು ಸಂಗಡಿಗರು ಒಂದು ಪ್ರಯೋಗದ ವರದಿ ಕೊಟ್ಟರು. 31 ಮೀಟರ್ ಎತ್ತರದಿಂದ ಜನರನ್ನು ಬಲೆಯೊಳಗೆ ಬೀಳಿಸಿ, ಬಿದ್ದದ್ದು ಎಷ್ಟು ಹೊತ್ತು ಎನಿಸಿತು ಎಂದು ಕೇಳಿದ್ದರು. ಬೇರೆಯವರು ಬಿದ್ದದ್ದಕ್ಕಿಂತ ತಾವು ಬಿದ್ದದ್ದು ಸರಾಸರಿ ಶೇಕಡಾ 36ರಷ್ಟು ಹೆಚ್ಚು ಹೊತ್ತು ಎಂದು ಅವರಿಗೆ ಅನಿಸಿತ್ತು. ಬೀಳುವಾಗ ಅವರ ಕಣ್ಣೇನೂ ಹೆಚ್ಚು ಚುರುಕಾಗಿರಲಿಲ್ಲ, ಅದನ್ನೂ ಅಳೆದು ನೋಡಿದ್ದರು. ಹೊತ್ತು ಹಿಗ್ಗಿದ್ದು ನೆನಪಿನಲ್ಲಿ. ಅದಕ್ಕೇ ನಾನು ಅಂಜಿಕೆಯ ಕೆಲಸಕ್ಕೆ ಗಡಿಯಾರ ಇಲ್ಲದೆ ಯಾರನ್ನೂ ಕಳಿಸುವುದಿಲ್ಲ.

ಬೇಕಾಗುವ ಸಾಮಾನು

ಸೆಕೆಂಡ್ ಮುಳ್ಳಿರುವ ಕೈಗಡಿಯಾರ. ಮೊಬೈಲಿಗಿಂತ ಇದು ಒಳ್ಳೆಯದು, ಕಾರಣ ಐದನೆಯ ಹಂತದಲ್ಲಿ ಬರುತ್ತದೆ. ನೂರು ಪುಟದ ಒಂದು ವಹಿ, ಪೆನ್ನು. ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ಗಂಟೆ. ಮೊದಲ ಕೆಲವು ಸಲಕ್ಕೆ ಒಬ್ಬರು ಜೊತೆಗಾರರು.

1. ಅಂಜಿಕೆಯನ್ನು ಒಂದು ಸಾಲಿನಲ್ಲಿ ಬರೆಯಿರಿ

"ನನಗ ಸೇತುವಿ ಅಂಜಿಕಿ" ಎಂದರೆ ಸಾಲದು. ಸೇತುವೆ ಮೇಲೆ ಏನಾಗುತ್ತದೆ ಎಂದು ಅಂಜುತ್ತೀರಿ? ಸೇತುವೆ ಕುಸಿಯುತ್ತದೆ ಎಂದೇ? ಬಸ್ಸು ಕಟಾಂಜನ ಮುರಿದು ನೀರಿಗೆ ಬೀಳುತ್ತದೆ ಎಂದೇ? ಉಸಿರು ಕಟ್ಟಿ ಸಾಯುತ್ತೇನೆ ಎಂದೇ? ಎಲ್ಲರ ಮುಂದೆ ಚೀರಿ ಮರ್ಯಾದೆ ಹೋಗುತ್ತದೆ ಎಂದೇ? ನಾಲ್ಕೂ ಬೇರೆಬೇರೆ ಅಂಜಿಕೆಗಳು. ಕೊನೆಯ ಎರಡರಲ್ಲಿ ಸೇತುವೆ ನೆಪ ಮಾತ್ರ, ಅಂಜಿಕೆ ಇರುವುದು ನಿಮ್ಮ ಮೈಮೇಲೆ, ಜನರ ಕಣ್ಣಮೇಲೆ.

ಹೀಗೆ ಬರೆಯಿರಿ: "ಸೇತುವೆ ನಡುವೆ ಹೋದಾಗ ಉಸಿರು ನಿಂತು ಪ್ರಜ್ಞೆ ತಪ್ಪುತ್ತದೆ." ನಿಜವೋ ಸುಳ್ಳೋ ಎಂದು ಆಮೇಲೆ ನೋಡಿ ಹೇಳಲು ಬರುವಂಥ ಸಾಲಾಗಿರಬೇಕು. "ಏನೋ ಕೆಟ್ಟದ್ದಾಗುತ್ತದೆ" ಎಂದು ಬರೆದರೆ ಅದು ಎಂದೂ ಸುಳ್ಳಾಗುವುದಿಲ್ಲ.

2. ಅಂಕ ಹಾಕಲು ಕಲಿಯಿರಿ

ಸೊನ್ನೆಯಿಂದ ನೂರು. ಸೊನ್ನೆ ಎಂದರೆ ಮಧ್ಯಾಹ್ನ ಉಂಡು ಕಟ್ಟೆ ಮೇಲೆ ಅಡ್ಡಾದ ಹಾಗೆ. ನೂರು ಎಂದರೆ ನಿಮ್ಮ ಬಾಳಿನಲ್ಲೇ ಅತಿ ಹೆಚ್ಚು ಅಂಜಿದ ಗಳಿಗೆ. ದಕ್ಷಿಣ ಆಫ್ರಿಕಾದ ಮನೋವೈದ್ಯ ಜೋಸೆಫ್ ವೋಲ್ಪಿ ಬಳಕೆಗೆ ತಂದ ಪದ್ಧತಿ ಇದು. ಎರಡು ದಿನ ಮನೆಯಲ್ಲೇ ಸಣ್ಣಪುಟ್ಟದ್ದಕ್ಕೆ ಅಂಕ ಹಾಕಿ ರೂಢಿ ಮಾಡಿಕೊಳ್ಳಿ: ಕರೆಂಟು ಹೋದಾಗ ಎಷ್ಟು, ಅಪರಿಚಿತ ನಂಬರಿನಿಂದ ಫೋನ್ ಬಂದಾಗ ಎಷ್ಟು. ಅಂಕ ಕರಾರುವಾಕ್ಕಾಗಿ ಇರಬೇಕಾಗಿಲ್ಲ. ನಿಮ್ಮ ನಿನ್ನೆಯ ಅಂಕಕ್ಕೂ ಇವತ್ತಿನದಕ್ಕೂ ಹೋಲಿಸಲು ಬಂದರೆ ಸಾಕು.

3. ಏಣಿ ಕಟ್ಟಿರಿ

1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್ ಎಂಬವರು ಮೊಲಕ್ಕೆ ಅಂಜುವ ಪೀಟರ್ ಎಂಬ ಪುಟ್ಟ ಹುಡುಗನ ಬಗ್ಗೆ ಬರೆದರು. ಹುಡುಗ ತನಗೆ ಇಷ್ಟವಾದದ್ದನ್ನು ತಿನ್ನುತ್ತಿರುವಾಗ ಮೊಲವನ್ನು ಕೋಣೆಯ ಆಚೆ ತುದಿಯಲ್ಲಿ ಪಂಜರದೊಳಗೆ ಇಟ್ಟು, ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹತ್ತಿರ ತಂದರು. ಕೊನೆಗೆ ಅವನು ಮೊಲವನ್ನು ಮುಟ್ಟಿ ಆಡಿಸಿದ. ಏಣಿ ಎಂದರೆ ಇಷ್ಟೇ. ದೂರದಿಂದ ಹತ್ತಿರಕ್ಕೆ, ಸುಲಭದಿಂದ ಕಷ್ಟಕ್ಕೆ.

ಸೇತುವೆಯ ಏಣಿ ಸುಮಾರಾಗಿ ಹೀಗಿರಬಹುದು. ಅಂಕ ನಿಮ್ಮದು ಬೇರೆ ಇರುತ್ತದೆ.

ಸೇತುವೆಯ ಫೋಟೊ, ವಿಡಿಯೊ ನೋಡುವುದು, 25.
ಊರ ಹತ್ತಿರದ ಸಣ್ಣ ಹಳ್ಳದ ಸೇತುವೆ ಮೇಲೆ ನಡೆದು ದಾಟುವುದು, 35.
ಕೊರ್ತಿ ಕಡೆ, ಸೇತುವೆ ಶುರುವಾಗುವ ಮುಂಚೆ ರಸ್ತೆಯಿಂದ ದೂರ ಸುರಕ್ಷಿತ ಜಾಗದಲ್ಲಿ ನಿಂತು ಹಿನ್ನೀರು ನೋಡುವುದು, 50.
ಬೇಸಿಗೆಯಲ್ಲಿ, ನೀರು ಇಳಿದಾಗ, ಮನೆಯವರ ಕಾರಿನಲ್ಲಿ ದಾಟುವುದು, 65.
ಬಸ್ಸಿನಲ್ಲಿ ನಡುಸಾಲಿನ ಸೀಟಿನಲ್ಲಿ ಕೂತು ದಾಟುವುದು, 75.
ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನೀರು ನೋಡುತ್ತ ದಾಟುವುದು, 85.
ಮಳೆಗಾಲದಲ್ಲಿ, ಹಿನ್ನೀರು ತುಂಬಿದಾಗ, ಒಬ್ಬರೇ ಬಸ್ಸಿನಲ್ಲಿ ದಾಟುವುದು, 100.

ನಮ್ಮ ಸೇತುವೆಗೆ ಒಂದು ಅನುಕೂಲ ಇದೆ: ಹಂಗಾಮು ತಾನೇ ಏಣಿ ಕಟ್ಟಿಕೊಡುತ್ತದೆ. ಆಲಮಟ್ಟಿ ಅಣೆಕಟ್ಟೆಯ ಪೂರ್ಣ ಮಟ್ಟ 519.60 ಮೀಟರ್. ಪಶ್ಚಿಮ ಘಟ್ಟದಲ್ಲಿ ಮಳೆ ಹಿಡಿದ ಮೇಲೆ ನೀರು ಆ ಮಟ್ಟಕ್ಕೆ ಏರುತ್ತದೆ, ಬೇಸಿಗೆ ಹೊತ್ತಿಗೆ ಬಹಳ ಇಳಿದಿರುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ, ನೀರು ಇಳಿದಿರುವಾಗ ಶುರು ಮಾಡಿದವರಿಗೆ ಮಳೆ ಹಿಡಿದ ಮೇಲೆ ನೀರು ಏರುತ್ತ ಒಂದೊಂದೇ ಮೆಟ್ಟಿಲು ಹತ್ತಿಸುತ್ತದೆ. ಆಗಸ್ಟ್‌ನಲ್ಲಿ ಶುರು ಮಾಡಿದರೆ ಮೊದಲ ದಿನವೇ ತುದಿ ಮೆಟ್ಟಿಲು.

ತಪ್ಪು ಆಗುವುದು ಎಲ್ಲಿ ಎಂದರೆ, ಬಹಳ ಜನ ಎರಡೇ ಮೆಟ್ಟಿಲು ಬರೆಯುತ್ತಾರೆ, 20ರದೊಂದು 100ರದೊಂದು. ನಡುವೆ ಏನೂ ಇಲ್ಲದ ಏಣಿ ಹತ್ತಲು ಬರುವುದಿಲ್ಲ. ಇನ್ನು ಹೆದ್ದಾರಿ ಸೇತುವೆ ಮೇಲೆ ನಡೆಯುವ, ವಾಹನ ನಿಲ್ಲಿಸುವ ಮೆಟ್ಟಿಲನ್ನು ಬರೆಯಲೇಬೇಡಿ. ಲಾರಿಗಳ ಓಡಾಟ ನಿಜವಾದ ಅಪಾಯ. ಗಾಡಿ ಓಡಿಸುವವರೇ ಅಂಜುವವರಾಗಿದ್ದರೆ ಮೊದಲ ಮೆಟ್ಟಿಲುಗಳಲ್ಲಿ ಬೇರೆಯವರು ಓಡಿಸಲಿ.

4. ಗಡಿಯಾರ ಹಿಡಿದು ಕೂಡುವುದು

ಇಡೀ ಕ್ರಮದ ಹೊಟ್ಟೆಯೇ ಇದು. ಇದನ್ನು ಎರಡು ಸಲ ಓದಿ.

30, 40 ಅಂಕದ ಮೆಟ್ಟಿಲಿನಿಂದ ಶುರು ಮಾಡಿ. ಹೊರಡುವ ಮೊದಲು ವಹಿಯಲ್ಲಿ ಆರು ವಿಷಯಕ್ಕೆ ಮನೆ ಹಾಕಿ: ಏನಾಗುತ್ತದೆ ಎಂದು ಅಂಜುತ್ತೇನೆ, ಹೊರಡುವಾಗಿನ ಅಂಕ, ನಡುವಿನ ಅತಿ ಹೆಚ್ಚಿನ ಅಂಕ, ಮುಗಿದಾಗಿನ ಅಂಕ, ಎಷ್ಟು ಹೊತ್ತು ಅನಿಸಿತು, ಗಡಿಯಾರದಲ್ಲಿ ಎಷ್ಟು. ಆರೂ ತುಂಬಿದ ಮೇಲೆ ಕೆಳಗೆ ಒಂದು ಸಾಲು: ನಿಜಕ್ಕೂ ಏನಾಯಿತು.

ಈಗ ಆ ಜಾಗಕ್ಕೆ ಹೋಗಿ, ಇರಿ. ಅಂಜಿಕೆ ಏರುತ್ತದೆ. ಏರಲಿ. ಅದರ ಜೊತೆ ಜಗಳ ಮಾಡಬೇಡಿ, ಬೇರೆ ಕಡೆ ಗಮನ ಎಳೆಯಬೇಡಿ. ನೀರು ನೋಡಿ, ಎದೆಬಡಿತ ಕೇಳಿ, ಎರಡೆರಡು ನಿಮಿಷಕ್ಕೆ ಅಂಕ ಹೇಳಿ. ಅಂಕ ಅರ್ಧಕ್ಕೆ ಇಳಿಯುವ ತನಕ, ಅಥವಾ ಮೊದಲೇ ಗೊತ್ತುಮಾಡಿದ ಹೊತ್ತು, ಉದಾಹರಣೆಗೆ ಮೂವತ್ತು ನಿಮಿಷ, ಮುಗಿಯುವ ತನಕ ಕದಲಬಾರದು. ಯಾವುದು ಮೊದಲು ಬಂದರೂ ಸರಿ. ಏಳುವ ಹೊತ್ತನ್ನು ಗಡಿಯಾರ ಹೇಳಬೇಕು, ಅಂಜಿಕೆ ಹೇಳಬಾರದು.

ಸೇತುವೆಯಲ್ಲಿ ಒಂದು ತೊಡಕಿದೆ. ಗಂಟೆಗೆ ನಲವತ್ತು ಕಿಲೋಮೀಟರ್ ವೇಗದ ವಾಹನ ಮೂರು ಕಿಲೋಮೀಟರ್ ದಾಟಲು ತೆಗೆದುಕೊಳ್ಳುವುದು ನಾಲ್ಕೂವರೆ ನಿಮಿಷ. ಅಂಜಿಕೆ ತುದಿಗೆ ಹೋಗುವ ಹೊತ್ತಿಗೆ ಸೇತುವೆ ಮುಗಿದಿರುತ್ತದೆ. ಇಳಿಯುವ ದಿಬ್ಬ ಮತ್ತೆ ಕಾಣಲೇ ಇಲ್ಲ. ಅದಕ್ಕೆ ಒಂದು ಸಲ ದಾಟಿ ಬರಬೇಡಿ. ಆ ಕಡೆ ಹೋಗಿ, ತಿರುಗಿ, ಈ ಕಡೆ ಬಂದು, ಮತ್ತೆ ಹೋಗಿ, ಮತ್ತೆ ಬನ್ನಿ. ಒಂದೇ ದಿನ, ಒಂದೇ ಹೊತ್ತಿಗೆ, ನಾಲ್ಕರಿಂದ ಆರು ಸಲ.

ಹನ್ನೊಂದು ವರ್ಷ ಸೇತುವೆ ದಾಟದಿದ್ದ ಒಬ್ಬ ತಾಯಿಯ ವಹಿಯಿಂದ ಒಂದು ದಿನದ ಪುಟ ಇಲ್ಲಿ ಕೊಡುತ್ತಿದ್ದೇನೆ. ಅವರ ಒಪ್ಪಿಗೆ ಇದೆ, ಗುರುತು ಬಿಟ್ಟಿದ್ದೇನೆ. ಮಗಳನ್ನು ವಿಜಯಪುರಕ್ಕೆ ಕೊಟ್ಟಿದ್ದರು. ಮಗಳ ಬಾಣಂತನಕ್ಕೂ ಹೋಗಲಾಗದ ನೋವು ಅವರದು. ಅಳಿಯನ ಕಾರಿನಲ್ಲಿ, ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ.

ಮೊದಲ ದಾಟು: ಹೊರಡುವಾಗ 70, ನಡುವೆ 95, ಮುಗಿದಾಗ 80. ಅನಿಸಿದ್ದು 20 ನಿಮಿಷ. ಗಡಿಯಾರದಲ್ಲಿ 4 ನಿಮಿಷ 40 ಸೆಕೆಂಡ್.
ಎರಡನೆಯದು: 80, 85, 70. ಅನಿಸಿದ್ದು 15. ಗಡಿಯಾರ 4 ನಿಮಿಷ 30.
ಮೂರನೆಯದು: 65, 70, 50. ಅನಿಸಿದ್ದು 8. ಗಡಿಯಾರ 4 ನಿಮಿಷ 45.
ನಾಲ್ಕನೆಯದು: 45, 50, 35. ಅನಿಸಿದ್ದು 5. ಗಡಿಯಾರ 4 ನಿಮಿಷ 35.

ಎಡಗಡೆ "ಪ್ರಜ್ಞೆ ತಪ್ಪಿ ಬೀಳತೀನಿ" ಎಂದಿತ್ತು. ಕೆಳಗಿನ ಸಾಲಿನಲ್ಲಿ ಅವರು ಬರೆದದ್ದು: "ಬೀಳಲಿಲ್ಲ. ಬಾಯಿ ಒಣಗಿತ್ತು. ಮೂರನೇ ಸಲ ನೀರಾಗ ಹಕ್ಕಿ ಕಂಡ್ವು." ಆ ಹಕ್ಕಿಗಳು ಮೊದಲ ಎರಡು ದಾಟಿನಲ್ಲೂ ಅಲ್ಲೇ ಇದ್ದವು. ನಾಲ್ಕನೆಯ ದಾಟಿನ ಹೊತ್ತಿಗೆ ಅನಿಸಿದ ನಿಮಿಷ ಮತ್ತು ಗಡಿಯಾರದ ನಿಮಿಷ ಹತ್ತಿರ ಬಂದದ್ದನ್ನು ಗಮನಿಸಿ. ಅಂಜಿಕೆ ಇಳಿಯುತ್ತಿದೆ ಎನ್ನಲು ಇದಕ್ಕಿಂತ ಒಳ್ಳೆಯ ಗುರುತು ನನಗೆ ಗೊತ್ತಿಲ್ಲ.

ಒಂದು ದಿನ ಅಂಕ ಇಳಿಯದೆ ಹೋದರೆ? ಸೋತಿರಿ ಎಂದಲ್ಲ. ಕೂತ ಹೊತ್ತು ಪೂರಾ ಅಂಕ 80ರಲ್ಲೇ ಇದ್ದರೂ, ನೀವು ಅಂಜಿದ್ದು ಆಗಲಿಲ್ಲ ಎಂಬ ಸಾಲು ವಹಿಯಲ್ಲಿ ಬಂತಲ್ಲ, ಮಿದುಳಿಗೆ ಬೇಕಾದ ಪಾಠ ಅದೇ. ಮರುದಿನ ಅದೇ ಮೆಟ್ಟಿಲು ಮತ್ತೆ ಮಾಡಿ. ಎರಡು ದಿನ ಸಾಲಾಗಿ ಅತಿ ಹೆಚ್ಚಿನ ಅಂಕ 40 ದಾಟದಿದ್ದರೆ ಮುಂದಿನ ಮೆಟ್ಟಿಲಿಗೆ ಹೋಗಿ.

ಉಸಿರಾಟದ ಬಗ್ಗೆ ಒಂದು ಮಾತು. "ಜೋರಾಗಿ ಉಸಿರು ತಗೋ" ಎಂದು ಪಕ್ಕದವರು ಹೇಳುತ್ತಾರೆ. ಜೋರಾಗಿ, ಬೇಗಬೇಗ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಬೆರಳ ತುದಿ ಜುಮ್ಮೆನ್ನುತ್ತದೆ, ತಲೆ ತಿರುಗುತ್ತದೆ, ಅಂಜಿಕೆ ಇಮ್ಮಡಿಯಾಗುತ್ತದೆ. ಬಿಡುವ ಉಸಿರು ನಿಧಾನವಾಗಿರಲಿ, ಅಷ್ಟು ಸಾಕು.

ಜೊತೆಗಾರರಿಗೆ: ನಿಮ್ಮ ಕೆಲಸ ಕಡಿಮೆ ಮಾತಾಡುವುದು. "ಏನೂ ಆಗೂದಿಲ್ಲ, ಅಂಜಬ್ಯಾಡ" ಎಂದು ಹತ್ತು ಸಲ ಹೇಳಿದರೆ ಅವರು ನಿಮ್ಮ ಮಾತು ಹಿಡಿದು ದಾಟುತ್ತಾರೆ, ತಮ್ಮ ಅನುಭವ ಹಿಡಿದು ದಾಟುವುದಿಲ್ಲ. "ಈಗ ಎಷ್ಟ ಅಂಕ್ರೀ ಅತ್ತಿ?" ಎಂದು ಕೇಳಿ, ಬರೆದುಕೊಳ್ಳಿ. ಮೋಸ ಮಾಡಿ ದಾಟಿಸುವುದು, "ಇಲ್ಲೇ ಗದ್ದನಕೇರಿ ತನಕ" ಎಂದು ಹೇಳಿ ಕೊಲ್ಹಾರಕ್ಕೆ ಒಯ್ಯುವುದು, ಯಾವ ಕಾರಣಕ್ಕೂ ಬೇಡ. ಒಂದು ಸಲ ನಂಬಿಕೆ ಹೋದರೆ ಆರು ತಿಂಗಳ ಕೆಲಸ ನೀರುಪಾಲು. ಮಕ್ಕಳ ವಿಷಯದಲ್ಲಂತೂ ಇದು ಇನ್ನೂ ನಿಜ.

5. ಊರುಗೋಲುಗಳನ್ನು ಒಂದೊಂದಾಗಿ ಬಿಡಿ

ಅಂಜುವವರೆಲ್ಲರ ಹತ್ತಿರ ಒಂದಲ್ಲ ಒಂದು ಊರುಗೋಲು ಇರುತ್ತದೆ. ಕಣ್ಣು ಮುಚ್ಚಿಕೊಳ್ಳುವುದು. ಮುಂದಿನ ಸೀಟಿನ ಸರಳು ಗಟ್ಟಿ ಹಿಡಿಯುವುದು. ಸೇತುವೆ ಮುಗಿಯುವ ತನಕ ಮಗನ ಜೊತೆ ಫೋನಿನಲ್ಲಿ ಮಾತಾಡುವುದು. ಕಿವಿಗೆ ಹಾಡು. ಕಿಸೆಯಲ್ಲಿ ಗುಳಿಗೆ, ನುಂಗದಿದ್ದರೂ ಇರಲಿ ಎಂದು. ಇವು ಇದ್ದಾಗ ಮಿದುಳು "ಸರಳು ಹಿಡಿದದ್ದಕ್ಕೆ ಉಳಿದೆ" ಎಂದೇ ಬರೆದುಕೊಳ್ಳುತ್ತದೆ. ಮೊಬೈಲ್ ಬೇಡ, ಕೈಗಡಿಯಾರ ಸಾಕು ಎಂದದ್ದು ಇದಕ್ಕೇ.

ಎಲ್ಲವನ್ನೂ ಒಂದೇ ದಿನ ಕಿತ್ತುಕೊಳ್ಳಬೇಡಿ. ಮೊದಲ ವಾರ ಸರಳು ಹಿಡಿದೇ ದಾಟಿ, ಎರಡನೆಯ ವಾರ ಒಂದು ಕೈ ಬಿಡಿ, ಮೂರನೆಯ ವಾರ ಎರಡೂ ಕೈ ತೊಡೆ ಮೇಲೆ.

ತಾಯತ, ಅಂಗಾರ, ಇಷ್ಟಲಿಂಗ, ದೇವರ ಹೆಸರು? ಇದನ್ನು ಕೇಳುವಾಗ ಜನ ದನಿ ತಗ್ಗಿಸುತ್ತಾರೆ. ನಿಮ್ಮ ಭಕ್ತಿ ಬಿಡಿರಿ ಎಂದು ಹೇಳುವ ಹಕ್ಕು ನನಗಿಲ್ಲ, ಹೇಳುವುದೂ ಇಲ್ಲ. ದಿನಾ ಕಟ್ಟಿಕೊಳ್ಳುವುದನ್ನು ದಿನದಂತೆ ಕಟ್ಟಿಕೊಳ್ಳಿ. ಸೇತುವೆಗೆಂದೇ ಬೇರೆ ದಾರ, ಬೇರೆ ಮಂತ್ರ ಬೇಡ, ಅಷ್ಟೇ.

ಗುಳಿಗೆಯ ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಅಲ್ಪ್ರಾಜೊಲಾಮ್‌ನಂಥ ನಿದ್ದೆ ತರುವ, ಗಾಬರಿ ಇಳಿಸುವ ಮಾತ್ರೆಗಳನ್ನು ಯಾರಿಗೋ ಬರೆದುಕೊಟ್ಟ ಚೀಟಿಯಿಂದ ತಂದು ನುಂಗುವವರನ್ನು ನೋಡಿ ಸಂಕಟಪಡುತ್ತೇನೆ. ಅದನ್ನು ನುಂಗಿ ದಾಟಿದ ಸೇತುವೆಯ ಪಾಠ ಮೈಗೆ ಹತ್ತುವುದಿಲ್ಲ. ಇನ್ನು ಬಹಳ ದಿನದಿಂದ ತೆಗೆದುಕೊಳ್ಳುತ್ತಿರುವವರು ನನ್ನ ಮಾತು ಓದಿ ಒಮ್ಮೆಲೇ ಬಿಟ್ಟರೆ ಮೂರ್ಛೆ ಬರುವ ಅಪಾಯವಿದೆ. ವೈದ್ಯರ ಸಲಹೆಯಂತೆ ಸ್ವಲ್ಪ ಸ್ವಲ್ಪವಾಗಿಯೇ ಇಳಿಸಬೇಕು. ಕುಡಿದು ದಾಟುವುದೂ ಇದೇ ಲೆಕ್ಕ.

6. ಜಾಗ, ಹೊತ್ತು, ಜೊತೆ ಬದಲಿಸಿ

ಅಳಿಯನ ಕಾರಿನಲ್ಲಿ ಹೋದ ಅಂಜಿಕೆ ಬಸ್ಸಿನಲ್ಲಿ ಹೋಗಿರುವುದಿಲ್ಲ. ಹೊಸ ಪಾಠವನ್ನು ಮಿದುಳು ಕಲಿತ ಜಾಗಕ್ಕೇ ಅಂಟಿಸಿ ಇಡುತ್ತದೆ, ಹಳೆಯ ಅಂಜಿಕೆಯನ್ನು ಮಾತ್ರ ಎಲ್ಲೆಡೆಗೂ ಹೊತ್ತು ತಿರುಗುತ್ತದೆ. ಹಾಗಾಗಿ ಬೆಳಿಗ್ಗೆ ಮಾಡಿದ್ದನ್ನು ಸಂಜೆಯೂ, ಜೊತೆಗೆ ಮಾಡಿದ್ದನ್ನು ಒಬ್ಬರೇ, ಕೊಲ್ಹಾರದಲ್ಲಿ ಮಾಡಿದ್ದನ್ನು ಚಿಕ್ಕಪಡಸಲಗಿ ಕಡೆಯ ಸೇತುವೆಯಲ್ಲೂ ಮಾಡಬೇಕು. ರೈಲಿನಲ್ಲಿ ಆಲಮಟ್ಟಿ ಹತ್ತಿರ ಹೊಳೆ ದಾಟುವುದೂ ಒಂದು ಒಳ್ಳೆಯ ಮೆಟ್ಟಿಲು.

ಎತ್ತರಕ್ಕೆ ಅಂಜುವವರಿಗೆ ವಿಜಯಪುರದಂಥ ಊರು ಸಿಗುವುದು ಕಷ್ಟ. ಉಪ್ಪಲಿ ಬುರುಜಿನ ಮೆಟ್ಟಿಲು ಹೊರಗಿನಿಂದ ಸುತ್ತಿ ಏರುತ್ತವೆ, ಬೇಕೆಂದಲ್ಲಿ ನಿಲ್ಲಬಹುದು. ಅದಾದ ಮೇಲೆ ಗೋಳಗುಮ್ಮಟದ ಮೂಲೆಯ ಮಿನಾರದೊಳಗಿನ ಇಕ್ಕಟ್ಟಾದ ಮೆಟ್ಟಿಲು, ಕೊನೆಗೆ ಪಿಸುಮಾತಿನ ಗ್ಯಾಲರಿ. ಬೆಳಿಗ್ಗೆ ಬಾಗಿಲು ತೆರೆದ ಹೊತ್ತಿಗೆ ಹೋಗಿ, ಗದ್ದಲ ಇರುವುದಿಲ್ಲ. ವಯಸ್ಸಾದವರು ಮೊದಲು ಕಣ್ಣು, ಮೊಣಕಾಲು, ಬಿ.ಪಿ. ತೋರಿಸಿಕೊಂಡು ಹೋಗಬೇಕು. ಅವರ ಎತ್ತರದ ಅಂಜಿಕೆಯಲ್ಲಿ ಅರ್ಧ, ಬಿದ್ದೇನು ಎಂಬ ನ್ಯಾಯವಾದ ಎಚ್ಚರವೇ ಇರುತ್ತದೆ.

ಕೊಲ್ಹಾರಕ್ಕೆ ಹೋದವರು ಗಡಿಗೆಯ ಮೊಸರು ತಿನ್ನದೆ ಬರಬೇಡಿ. ದಾಟಿದ್ದಕ್ಕೆ ಅದು ನಿಮ್ಮ ಪಾಲಿನ ಹಬ್ಬ.

7. ಅಂಜಿಕೆ ಮರಳಿ ಬಂದಾಗ

ಬಂದೇ ಬರುತ್ತದೆ. ಇದನ್ನು ಮೊದಲೇ ಹೇಳದೆ ಹೋದದ್ದರಿಂದ ಎಷ್ಟೋ ಜನ ಕೈಬಿಟ್ಟದ್ದನ್ನು ನೋಡಿದ್ದೇನೆ.

ನೂರು ವರ್ಷದ ಹಿಂದೆಯೇ ರಷ್ಯಾದ ಪಾವ್ಲೊವ್ ನಾಯಿಗಳಲ್ಲಿ ಇದನ್ನು ಕಂಡಿದ್ದರು. ಅಳಿಸಿಹೋಯಿತು ಎಂದುಕೊಂಡ ಕಲಿಕೆ, ಕೆಲಕಾಲ ಸುಮ್ಮನೆ ಬಿಟ್ಟರೆ ತಾನಾಗಿ ಮರಳುತ್ತದೆ. ಹಳೆಯ ಅಂಜಿಕೆ ಅಳಿದಿರುವುದಿಲ್ಲ, ಅದರ ಮೇಲೆ ಹೊಸ ಪಾಠದ ಪದರ ಬಂದಿರುತ್ತದೆ. ಬಳಸದೆ ಬಿಟ್ಟರೆ ಆ ಪದರ ತೆಳುವಾಗುತ್ತದೆ. ಇಲ್ಲೂ ಕಾಲ ತಾನಾಗಿ ನಮ್ಮ ಪರ ಕೆಲಸ ಮಾಡುವುದಿಲ್ಲ.

ಹಾಗಾಗಿ ಏಣಿಯ ತುದಿ ಮುಟ್ಟಿದ ದಿನವೇ ಮನೆಯ ಕ್ಯಾಲೆಂಡರಿನಲ್ಲಿ ನಾಲ್ಕು ದಿನ ಗುರುತು ಹಾಕಿ: ಒಂದು ವಾರಕ್ಕೆ, ಒಂದು ತಿಂಗಳಿಗೆ, ಮೂರು ತಿಂಗಳಿಗೆ, ಆರು ತಿಂಗಳಿಗೆ. ಆ ದಿನ ಕೆಲಸ ಇರಲಿ ಬಿಡಲಿ ಸೇತುವೆ ದಾಟಿ ಬನ್ನಿ. ಅದರಲ್ಲಿ ಒಂದು ದಿನ ಹಿನ್ನೀರು ತುಂಬಿದ ಮಳೆಗಾಲದಲ್ಲಿ ಬೀಳಲಿ. ಮನೆಯಲ್ಲಿ ಸಾವು, ಜಡ್ಡು, ನಿದ್ದೆಗೇಡು ಆದ ದಿನಗಳಲ್ಲಿ, ಎಲ್ಲೋ ಸೇತುವೆ ಬಿದ್ದ ಸುದ್ದಿ ಟೀವಿಯಲ್ಲಿ ಬಂದ ವಾರದಲ್ಲಿ ಅಂಕ ಏರುವುದು ಸಹಜ.

ಏರಿದ ದಿನ ಏನು ಮಾಡಬೇಕು? ಹಳೆಯ ವಹಿ ತೆಗೆದು ಮೊದಲ ಪುಟ ಓದಿ. ಏಣಿಯಲ್ಲಿ ಎರಡು ಮೆಟ್ಟಿಲು ಕೆಳಗಿಳಿದು ಅಲ್ಲಿಂದ ಹತ್ತಿ. ಮೊದಲ ಸಲ ವಾರಗಟ್ಟಲೆ ಹಿಡಿದದ್ದು ಈ ಸಲ ಸಾಮಾನ್ಯವಾಗಿ ಎರಡು ಮೂರು ದಿನಕ್ಕೆ ಮುಗಿಯುತ್ತದೆ. ಮುಂದಿನ ವಾರ ನೋಡೋಣ ಎಂದು ಮಾತ್ರ ಮುಂದೂಡಬೇಡಿ. ಆ ತಾಯಿಗೂ ಆಗಸ್ಟ್‌ನಲ್ಲಿ ಹೀಗೇ ಆಗಿತ್ತು. ಬೆಳಿಗ್ಗೆ ಫೋನ್ ಮಾಡಿ "ಮತ್ತ ಬಂತ್ರೀ ಸರ್" ಎಂದರು. ಎಷ್ಟು ಅಂಕ ಎಂದು ಕೇಳಿದೆ. ಅರವತ್ತು ಎಂದರು. ವಹಿ ಎಲ್ಲಿದೆ ಎಂದು ಕೇಳಿದೆ. ಕೈಚೀಲದಲ್ಲಿತ್ತು, ಅವರಾಗಲೇ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದರು.